ರಕ್ತದ ಕಾವಲುಗಾರರು: ಒಂದು ಎಣಿಕೆಯ ಇತಿಹಾಸ



ಕೆರೆಯ ಏರಿ ಗಟ್ಟಿಯಾಗಿರುವವರೆಗೆ ಊರಿನವರು ಅದರ ಚಿಂತೆ ಮಾಡುವುದಿಲ್ಲ. ಬಿರುಕುಬಿಟ್ಟಾಗಲೇ ಅದರ ಬೆಲೆ ತಿಳಿಯುವುದು. ನಮ್ಮ ರಕ್ತದಲ್ಲಿಯೂ ಇಂತಹ ಏರಿಯೊಂದಿದೆ. ವೈದ್ಯರು ಅದನ್ನು ಸಿಡಿ4 ಕಣಗಳು ಎನ್ನುತ್ತಾರೆ. ಇವು ಬಿಳಿ ರಕ್ತಕಣಗಳ ಒಂದು ಬಗೆ. ಒಳನುಗ್ಗಿದ ರೋಗಾಣುವನ್ನು ಗುರುತಿಸಿ ಉಳಿದ ಕಣಗಳನ್ನು ಎಚ್ಚರಿಸುವುದು ಇವುಗಳ ಕೆಲಸ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ 500ರಿಂದ 1500ರಷ್ಟು ಸಿಡಿ4 ಕಣಗಳಿರುತ್ತವೆ.

ಈ ಎಣಿಕೆಗೆ ಒಂದು ಇತಿಹಾಸವಿದೆ. 1975ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳಾದ ಜಾರ್ಜಸ್ ಕೊಹ್ಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಕಣಗಳ ಮೇಲ್ಮೈಯಲ್ಲಿರುವ ಗುರುತುಗಳನ್ನು ಪತ್ತೆಹಚ್ಚಲು ನೆರವಾಗುವ ವಿಧಾನವನ್ನು ಕಂಡುಹಿಡಿದರು. ನೋಡಲು ಒಂದೇ ತೆರನಾದ ಕಣಗಳನ್ನು ಅವುಗಳ ಗುರುತಿನಿಂದ ಬೇರ್ಪಡಿಸಿ ಎಣಿಸುವುದು ಇದರಿಂದ ಸಾಧ್ಯವಾಯಿತು. 1981ರ ಜೂನ್‌ನಲ್ಲಿ ಲಾಸ್ ಏಂಜಲೀಸ್ ನಗರದ ಐವರು ತರುಣರಲ್ಲಿ ಅಪರೂಪದ ನ್ಯುಮೋನಿಯಾ ಕಾಣಿಸಿಕೊಂಡ ವರದಿ ಪ್ರಕಟವಾದಾಗ, ಈ ಕಣಗಳೇ ಕ್ಷೀಣಿಸುತ್ತಿರುವುದು ವೈದ್ಯರ ಗಮನಕ್ಕೆ ಬಂದಿತು. 1983ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ವೈರಾಣು ಪತ್ತೆಯಾಯಿತು. ಸಿಡಿ4 ಎಂಬ ಗುರುತೇ ಆ ವೈರಾಣುವಿಗೆ ಒಳಬಾಗಿಲು ಎಂಬುದು ಮರುವರ್ಷ ತಿಳಿದುಬಂದಿತು. ಕಾವಲುಗಾರನ ಮನೆಯ ಬಾಗಿಲಿನಿಂದಲೇ ಕಳ್ಳನು ಪ್ರವೇಶಿಸಿದ್ದನು!

ಭಾರತದಲ್ಲಿ ಈ ಸೋಂಕನ್ನು ಮೊದಲಿಗೆ ಗುರುತಿಸಿದ್ದು 1986ರಲ್ಲಿ, ಚೆನ್ನೈಯಲ್ಲಿ, ಡಾ. ಸುನೀತಿ ಸಾಲೊಮನ್ ಅವರ ನೇತೃತ್ವದಲ್ಲಿ.

ಏರಿ ಕುಸಿದರೆ ಏನಾಗುತ್ತದೆ? ಕರುಳಿನಲ್ಲಿಯೇ ಅಡಗಬೇಕಾದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ, ಶ್ವಾಸಕೋಶದಲ್ಲಿ ನಿಲ್ಲಬೇಕಾದ ನ್ಯುಮೋನಿಯಾ ಮತ್ತು ಕ್ಷಯದ ರೋಗಾಣುಗಳು, ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ಇವೆಲ್ಲವೂ ರಕ್ತಕ್ಕೆ ಇಳಿದು ದೇಹವನ್ನೆಲ್ಲ ವ್ಯಾಪಿಸುತ್ತವೆ. 1990ರಲ್ಲಿ ನೈರೋಬಿಯ ಆಸ್ಪತ್ರೆಯೊಂದರಿಂದ ಪ್ರಕಟವಾದ ಅಧ್ಯಯನವು, ಎಚ್‌ಐವಿ ಸೋಂಕಿತರಲ್ಲಿ ಇಂತಹ ರಕ್ತದ ಸೋಂಕು ಪ್ರಾಣಾಂತಕವೆಂಬುದನ್ನು ವೈದ್ಯಲೋಕಕ್ಕೆ ಮನಗಾಣಿಸಿತು. ಹಲವೊಮ್ಮೆ ಹೊರಗೆ ಕಾಣುವುದು ಬಿಡದ ಜ್ವರ ಮಾತ್ರ. ಮನೆಯವರು ಅದನ್ನು ಸಾಮಾನ್ಯ ಜ್ವರವೆಂದೇ ಭಾವಿಸಿ ಕಾಯುತ್ತಾರೆ.

ಈಗ ನಮ್ಮ ನಾಡಿಗೆ ಬರೋಣ. 2004ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರವು ಉಚಿತ ಎಆರ್‌ಟಿ ಚಿಕಿತ್ಸೆಯನ್ನು ಆರಂಭಿಸಿತು. ಕರ್ನಾಟಕದಲ್ಲಿ ಮೊದಲಿಗೆ ಅದು ದೊರೆತದ್ದು ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ. ಹೆಗ್ಗಡದೇವನಕೋಟೆ ಸೀಮೆಯ ಕಾಡಂಚಿನ ಎನ್. ಬೇಗೂರಿನಿಂದ ಅಲ್ಲಿಗೆ ಸುಮಾರು 200 ಕಿಲೋಮೀಟರ್. ದಾರಿಯಷ್ಟೇ ಅಲ್ಲ, ಇನ್ನೊಂದು ಗಡಿಯೂ ಇತ್ತು: ಮುಖ್ಯವಾಗಿ ಸಿಡಿ4 ಎಣಿಕೆ 200ಕ್ಕಿಂತ ಕೆಳಗಿಳಿದವರಿಗೆ, ಇಲ್ಲವೇ ರೋಗ ತೀವ್ರವಾದವರಿಗೆ ಮಾತ್ರ ಔಷಧ ದೊರೆಯುತ್ತಿತ್ತು. ಏರಿ ಒಡೆಯುವವರೆಗೆ ಕಾಯಬೇಕಾದ ಸ್ಥಿತಿ ಅದು.

ಆ ಕಷ್ಟದ ವರ್ಷಗಳಲ್ಲಿ ಸೋಂಕಿತರನ್ನು ಕೈಬಿಡದವರೂ ಇದ್ದರು. ಮೈಸೂರಿನ ಆಶಾಕಿರಣ ಆಸ್ಪತ್ರೆ, ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆ, ಬೆಂಗಳೂರಿನಲ್ಲಿ ಕಮಿಲಿಯನ್ ಗುರುಗಳ ಸ್ನೇಹದಾನ ಇವು ಅಂತಹ ಆಶ್ರಯಗಳು. ಮತಭೇದವಿಲ್ಲದೆ ಅಲ್ಲಿ ರೋಗಿಯ ಕೈಹಿಡಿಯಲಾಯಿತು.

ಕಾಲಕ್ರಮೇಣ ಗಡಿ ಸರಿಯಿತು. ವಿಶ್ವ ಆರೋಗ್ಯ ಸಂಸ್ಥೆಯು ಚಿಕಿತ್ಸೆಯ ಮಿತಿಯನ್ನು 2010ರಲ್ಲಿ 350ಕ್ಕೆ, 2013ರಲ್ಲಿ 500ಕ್ಕೆ ಏರಿಸಿತು. 35 ದೇಶಗಳ 4,685 ಜನರನ್ನು ಒಳಗೊಂಡ ಅಧ್ಯಯನವೊಂದು, ಎಣಿಕೆ ಉತ್ತಮವಾಗಿರುವಾಗಲೇ ಔಷಧ ಆರಂಭಿಸುವುದು ಮೇಲು ಎಂದು 2015ರಲ್ಲಿ ಸಾಬೀತುಪಡಿಸಿತು. ಅದೇ ವರ್ಷ ಸಂಸ್ಥೆಯು ಮಿತಿಯನ್ನೇ ತೆಗೆದುಹಾಕಿತು. 2017ರಲ್ಲಿ ಭಾರತವೂ ಅದನ್ನು ಅನುಸರಿಸಿತು. ಇಂದು ಸೋಂಕು ದೃಢಪಟ್ಟ ಪ್ರತಿಯೊಬ್ಬರಿಗೂ, ಎಣಿಕೆ ಎಷ್ಟೇ ಇರಲಿ, ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಔಷಧ ಉಚಿತ. ಅದನ್ನು ತಪ್ಪದೆ ಸೇವಿಸಿದವರು ದೀರ್ಘಕಾಲ ದುಡಿದು ಬಾಳುತ್ತಾರೆ.

ಹಾಗಾದರೆ ಇಂದಿಗೂ ಕೆಲವರು ರಕ್ತ ನಂಜಾದ ಮೇಲೆಯೇ ಆಸ್ಪತ್ರೆ ಸೇರುವುದೇಕೆ? ಔಷಧದ ಗಡಿ ಅಳಿಯಿತು, ಲಜ್ಜೆಯ ಗಡಿ ಅಳಿದಿಲ್ಲ. 'ಯಾರಾದರೂ ನೋಡಿದರೆ?' ಎಂಬ ಭಯವು ಜನರನ್ನು ಪರೀಕ್ಷೆಯಿಂದ ದೂರವಿಡುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಕಾಯಿದೆಯು ಸೋಂಕಿತರ ವಿರುದ್ಧ ತಾರತಮ್ಯವನ್ನು ನಿಷೇಧಿಸಿ, ಅವರ ಗುಟ್ಟನ್ನು ರಕ್ಷಿಸುತ್ತದೆ. ಆದರೆ ನೆರೆಹೊರೆಯ ನಾಲಗೆಯನ್ನು ಕಟ್ಟುವುದು ಕಾಯಿದೆಯಿಂದಾಗದು. ಅದು ನಮ್ಮ ಕೆಲಸ.

ವಾಚಕರೇ, ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಯಾರಿಗಾದರೂ ಜ್ವರ ಬಿಡದಿದ್ದರೆ, ತೂಕ ಇಳಿಯುತ್ತಿದ್ದರೆ, ಕಾರಣ ಊಹಿಸುತ್ತಾ ಕೂರಬೇಡಿರಿ. ಆಸ್ಪತ್ರೆಗೆ ಜೊತೆಯಾಗಿ ಹೋಗಿರಿ. ಪರೀಕ್ಷೆ ಉಚಿತ ಮತ್ತು ಗೌಪ್ಯ. 1097 ಸಂಖ್ಯೆಗೆ ಕರೆಮಾಡಿ ವಿಚಾರಿಸಲೂಬಹುದು. ಏರಿ ಒಡೆಯುವ ಮುನ್ನ ಒಂದು ಬುಟ್ಟಿ ಮಣ್ಣು ಹೊತ್ತು ತರುವವರು ನಾವಾಗೋಣ.