ಹಣ ಸರಕಾರದ್ದು, ಮಾತು ಯಾರದು?

ಹೊರನಾಡಿನಲ್ಲಿ ನೆಲೆಸಿದ ನಾವು ಒಂದು ಕಾಲಕ್ಕೆ ರಾತ್ರಿಯ ಹೊತ್ತು ಬಾನುಲಿಯ ಕಿವಿ ಹಿಂಡುತ್ತ ದೂರದ ನಿಲಯಗಳನ್ನು ಹುಡುಕುತ್ತಿದ್ದೆವು. ಧಾರವಾಡ ಸಿಕ್ಕಿದ ದಿನ ಹಬ್ಬ; ಸಿಗದಿದ್ದರೆ ಲಂಡನ್ನು. ಆ ಲಂಡನ್ನಿನ ಸುದ್ದಿಯನ್ನು ಜನ ನಂಬುತ್ತಿದ್ದರು. ಪರದೇಶಗಳಿಗಾಗಿ ನಡೆಯುತ್ತಿದ್ದ ಆ ಪ್ರಸಾರಕ್ಕೆ ಹಣ ಒದಗಿಸುತ್ತಿದ್ದುದು ಬ್ರಿಟಿಷ್ ಸರಕಾರವೇ. ಹಾಗಿದ್ದೂ ಆ ನಂಬಿಕೆ ಹೇಗೆ ಉಳಿಯಿತು?

ಬಿ.ಬಿ.ಸಿ.ಯ ಮೊದಲ ಪರಭಾಷಾ ಸೇವೆ ಅರಬ್ಬಿಯದು. 1938ರ ಜನವರಿ 3ರಂದು ಆರಂಭವಾಯಿತು. ಮೊದಲ ದಿನದ ವಾರ್ತೆಯಲ್ಲಿಯೇ ಪ್ಯಾಲೆಸ್ತೀನಿನಲ್ಲಿ ಬ್ರಿಟಿಷರು ಅರಬನೊಬ್ಬನನ್ನು ಗಲ್ಲಿಗೇರಿಸಿದ ಸುದ್ದಿ ಬಂತು. ಪರರಾಷ್ಟ್ರ ಕಚೇರಿ ಸಿಡುಕಿತು. ಅಹಿತವಾದುದನ್ನು ಬಿಟ್ಟುಬಿಡುವುದು ತನ್ನ ನೀತಿಯಲ್ಲವೆಂದು ಸಂಸ್ಥೆ ಉತ್ತರ ಕೊಟ್ಟಿತು. 1946ರ ಶ್ವೇತಪತ್ರ ಗಡಿಗಳನ್ನು ಗುರುತಿಸಿತು: ಯಾವ ಭಾಷೆ, ಎಷ್ಟು ಗಂಟೆ ಎಂಬುದನ್ನು ಸರಕಾರ ನಿರ್ಣಯಿಸತಕ್ಕದ್ದು, ಏನನ್ನು ಹೇಳಬೇಕೆಂಬುದನ್ನು ಬಿ.ಬಿ.ಸಿ. (2017ರಲ್ಲಿ ಸರಕಾರದ ಹಣದಿಂದ ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಸೇವೆಗಳು ತೆರೆದಾಗ ಕನ್ನಡದ ಎಲೆ ಪಂಕ್ತಿಯಲ್ಲಿರಲಿಲ್ಲ. ನಮಗೆ ಚುರುಕೆಂದದ್ದು ನಿಜ.)

ಈ ಗಡಿಯ ನಿಜವಾದ ಪರೀಕ್ಷೆ ನಡೆದುದು 1956ರಲ್ಲಿ. ಜುಲೈ 26ರಂದು ಈಜಿಪ್ತಿನ ನಾಸರರು ಸುವೇಜ್ ಕಾಲುವೆಯನ್ನು ರಾಷ್ಟ್ರೀಕರಿಸಿದರು. ಪ್ರಧಾನಿ ಆಂಟನಿ ಈಡನ್ನರು ಫ್ರಾನ್ಸ್, ಇಸ್ರೇಲುಗಳೊಡನೆ ಗುಟ್ಟಾಗಿ ಕೂಡಿ ದಂಡೆತ್ತಿದರು. ಕೈರೋದ 'ಅರಬರ ಧ್ವನಿ' ಬ್ರಿಟನ್ನನ್ನು ಹಳಿಯುತ್ತಿರಲು, ತಮ್ಮದೇ ಹಣದ ಬಾನುಲಿಯೂ ದಂಡಯಾತ್ರೆಯ ವಿರೋಧಿಗಳ ಮಾತನ್ನು ಬಿತ್ತರಿಸುವುದೇ ಎಂದು ಮಂತ್ರಿಗಳಿಗೆ ಕೋಪ ಬಂತು. ಅನುದಾನದಲ್ಲಿ 10 ಲಕ್ಷ ಪೌಂಡು ಕಡಿಯುವ ಮಾತೆದ್ದಿತು. ಪರದೇಶ ಸೇವೆಗಳ ನೆಲೆಯಾದ ಬುಷ್ ಹೌಸಿನಲ್ಲಿ ಪರರಾಷ್ಟ್ರ ಕಚೇರಿಯ ಅಧಿಕಾರಿಯೊಬ್ಬನನ್ನು ತಂದು ಕೂಡಿಸಿದರು. ನವೆಂಬರ್ 4ರಂದು ವಿರೋಧ ಪಕ್ಷದ ಗೇಟ್‌ಸ್ಕೆಲ್ಲರು ಬಾನುಲಿಯಲ್ಲಿ ಈಡನ್ನರ ನಾಯಕತ್ವ ಕೊನೆಗೊಳ್ಳಬೇಕೆಂದರು. ಮರುದಿನವೇ ಬ್ರಿಟಿಷ್ ಸೈನಿಕರು ಈಜಿಪ್ತಿನಲ್ಲಿ ಇಳಿದರು. ಆ ಭಾಷಣವನ್ನು ಬಿ.ಬಿ.ಸಿ. ಪರದೇಶಗಳಿಗೂ ತಲುಪಿಸಿತು. ಮಹಾನಿರ್ದೇಶಕ ಸರ್ ಇಯಾನ್ ಜೇಕಬ್ಬರು ಯುದ್ಧಕಾಲದಲ್ಲಿ ಚರ್ಚಿಲ್ಲರ ಬಳಿ ದುಡಿದ ಸೇನಾಧಿಕಾರಿ. ಅಂಥವರನ್ನು ದೇಶದ್ರೋಹಿಯೆಂದು ಕರೆಯುವುದು ಯಾರಿಗೂ ಸುಲಭವಿರಲಿಲ್ಲ.

ಅದೇ ದಿನಗಳಲ್ಲಿ ಸೈಪ್ರಸ್ಸಿನಲ್ಲಿ ನಡೆದುದನ್ನು ನಾವು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ 'ಶರ್ಕ್ ಅಲ್-ಅದ್ನಾ' ಎಂಬ ಅರಬ್ಬಿ ನಿಲಯವಿತ್ತು. ಅದರ ಹಿಂದೆ ಬ್ರಿಟಿಷ್ ಸರಕಾರದ ಕೈಯಿದ್ದರೂ, ಹೊರನೋಟಕ್ಕೆ ಅದು ಸ್ವತಂತ್ರ. ಸಂಗೀತಕ್ಕಾಗಿ ಅರಬರು ಅದನ್ನು ಮೆಚ್ಚಿ ಕೇಳುತ್ತಿದ್ದರು. ಅಕ್ಟೋಬರ್ ಕೊನೆಗೆ ಸರಕಾರ ಅದನ್ನು ಬಹಿರಂಗವಾಗಿಯೇ ವಶಪಡಿಸಿಕೊಂಡು 'ಬ್ರಿಟನ್ನಿನ ಧ್ವನಿ' ಎಂದು ಹೆಸರಿಟ್ಟಿತು. ಬುಷ್ ಹೌಸಿನಲ್ಲಿ ಸಾಧ್ಯವಾಗದುದೆಲ್ಲ ಇಲ್ಲಿ ಸಾಧ್ಯವಾಯಿತು. ಆದರೆ ಅರಬ್ ಸಿಬ್ಬಂದಿ ಕೆಲಸ ಒಲ್ಲೆವೆಂದು ಹೊರನಡೆದರು, ಕೇಳುಗರೂ ದೂರವಾದರು. 1957ರಲ್ಲಿ ನಿಲಯ ಮುಚ್ಚಿತು. ಅದರ ಪ್ರಸಾರ ಯಂತ್ರಗಳನ್ನು ಸರಕಾರ ಬಿ.ಬಿ.ಸಿ.ಗೇ ಒಪ್ಪಿಸಿತು.