ಬಿಜಾಪುರ ಸೀಮೆಯ ಬೆಲ್‌ಬಾಟಮ್

ಹಿಂದೆ ಬಿಜಾಪುರ ಎನಿಸಿದ್ದ ವಿಜಯಪುರ ನಗರವೂ ಅದರ ಪಶ್ಚಿಮಕ್ಕಿರುವ ತಿಕೋಟಾ, ನೈಋತ್ಯಕ್ಕಿರುವ ಬಬಲೇಶ್ವರಗಳೂ 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದವು. ಈ ಸೀಮೆಯ ಉಡುಪಿನ ಚರಿತ್ರೆಗೆ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ. 1884ರಲ್ಲಿ ಹೋಟಗಿ-ಗದಗ ಮೀಟರ್‌ಗೇಜ್ ರೈಲುಮಾರ್ಗ ಸಿದ್ಧವಾಗಿ, ಮರುವರ್ಷ ಜಿಲ್ಲಾ ಕೇಂದ್ರವು ಕಲಾದಗಿಯಿಂದ ಬಿಜಾಪುರಕ್ಕೆ ಬಂದ ಮೇಲೆ, ಸೊಲ್ಲಾಪುರದ ಗಿರಣಿಗಳ ಬಟ್ಟೆಯೂ ಮುಂಬಯಿಯ ಉಡುಗೆಯ ರೀತಿಯೂ ಬೆಂಗಳೂರು-ಮೈಸೂರುಗಳ ಪ್ರಭಾವಕ್ಕಿಂತ ಬಹು ಮೊದಲೇ ಇಲ್ಲಿಗೆ ತಲುಪಿದವು. ಸಿನಿಮಾದ ನಂಟೂ ಅಷ್ಟೇ ಹಳೆಯದು. ಅಂದಿನ ಬಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ ಹಿಂದಿ ಚಿತ್ರರಂಗದ ಹೆಸರಾಂತ ಗಾಯಕಿಯಾಗಿ ಬೆಳೆದದ್ದು ಮುಂಬಯಿಯಲ್ಲಿಯೇ. 1970ರ ದಶಕದಲ್ಲಿ ಬೆಲ್‌ಬಾಟಮ್, ಅಂದರೆ ತೊಡೆಗೆ ಬಿಗಿಯಾಗಿ ಕೂತು ಮೊಣಕಾಲಿನಿಂದ ಕೆಳಗೆ ಗಂಟೆಯ ಬಾಯಿಯಂತೆ ಅಗಲವಾಗುತ್ತ ಹೋಗುವ ಪ್ಯಾಂಟು, ಈ ನಾಡಿಗೆ ಬಂದದ್ದು ಆ ಹಳೆಯ ದಾರಿಯಲ್ಲೇ.

ಅಗಲವಾದ ಅಂಚಿನ ಉಡುಪು ಇಲ್ಲಿಗೆ ಹೊಸದಾಗಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ (1580-1627) ಕಾಲದ ಬಿಜಾಪುರ ಶೈಲಿಯ ಚಿತ್ರಗಳಲ್ಲಿ ಕಾಣುವ ಜಾಮಾ, ಎಂದರೆ ಸೊಂಟದವರೆಗೆ ಮೈಗೆ ಹೊಂದಿ ಅಲ್ಲಿಂದ ಕೆಳಗೆ ನೆರಿಗೆ ನೆರಿಗೆಯಾಗಿ ಹರಡುವ ತೆಳುಬಟ್ಟೆಯ ನಿಲುವಂಗಿಯು, ಬಟ್ಟೆಯ ಘೇರಿನಿಂದಲೇ, ಅಂದರೆ ಅಂಚಿನ ಸುತ್ತಳತೆಯಿಂದಲೇ, ತೊಟ್ಟವನ ಅಂತಸ್ತನ್ನು ತೋರಿಸುತ್ತಿತ್ತು. ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಫೇಟಿಯಾ ಎಂಬ ಕನ್ನಡಿ ಕಸೂತಿಯ ಲಂಗಕ್ಕೂ ಘೇರೇ ಶೋಭೆ. ಆದರೆ ಊರ ಗಂಡಸಿನ ನಿತ್ಯದ ಉಡುಪು ಇವೆರಡರಿಂದಲೂ ದೂರವಿತ್ತು. ಕಚ್ಚೆ ಹಾಕಿ ಉಟ್ಟ ಧೋತರ, ನೆಹರೂ ಶರ್ಟು, ತಲೆಗೆ ಪಟಕಾ ಅಥವಾ ಬಿಳಿ ಟೋಪಿಗೆ ಅವನು ಒಗ್ಗಿಹೋಗಿದ್ದನು, ಮತ್ತು ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಳ್ಳುವ ಡೋಣಿ ನದಿಯ ದಂಡೆಯ ಎರಿಮಣ್ಣಿನಲ್ಲಿ ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಬಹುದಾದ ಧೋತರಕ್ಕಿಂತ ಒಕ್ಕಲುತನಕ್ಕೆ ಹೊಂದುವ ಬಟ್ಟೆ ಇನ್ನೊಂದಿರಲಿಲ್ಲ.

ಬೆಲ್‌ಬಾಟಮ್‌ನ ಮೂಲವು ಹಡಗಿನ ಕೆಲಸದಲ್ಲಿದೆ. ಹತ್ತೊಂಬತ್ತನೆಯ ಶತಮಾನದ ನಾವಿಕರು ಹಡಗಿನ ಅಟ್ಟವನ್ನು ತೊಳೆಯುವಾಗ ಸುಲಭವಾಗಿ ಮೇಲಕ್ಕೆ ಮಡಿಸಿಕೊಳ್ಳಲು ಅಗಲ ಕಾಲಿನ ಪ್ಯಾಂಟುಗಳನ್ನು ತೊಡುತ್ತಿದ್ದರು. 1960ರ ದಶಕದಲ್ಲಿ ಅಮೆರಿಕ ಮತ್ತು ಇಂಗ್ಲೆಂಡಿನ ತರುಣರು ಅದನ್ನು ಫ್ಯಾಷನ್ನಾಗಿ ಮಾಡಿಕೊಂಡರು. ಭಾರತದಲ್ಲಿ ಅದನ್ನು ಊರೂರಿಗೆ ಹಬ್ಬಿಸಿದ್ದು ಸಿನಿಮಾ: 1971ರ ‘ಹರೇ ರಾಮ ಹರೇ ಕೃಷ್ಣ’, 1973ರ ‘ಬಾಬಿ’, 1978ರ ‘ಡಾನ್’ ಮುಂತಾದ ಹಿಂದಿ ಚಿತ್ರಗಳ ಜೊತೆಗೆ, ಅದೇ ದಶಕದ ಕನ್ನಡ ಚಿತ್ರಗಳ ನಾಯಕರೂ ಅಗಲ ಕಾಲಿನ ಪ್ಯಾಂಟು, ಉದ್ದ ಕಾಲರಿನ ಅಂಗಿ, ಕಿವಿ ಮುಚ್ಚುವ ಕೂದಲಿನಲ್ಲಿ ಕಾಣಿಸಿಕೊಂಡರು.

ಸಿನಿಮಾ ಆಸೆಯನ್ನು ಹುಟ್ಟಿಸಬಲ್ಲದೇ ಹೊರತು ಪ್ಯಾಂಟನ್ನು ಹೊಲಿಯಲಾರದು. ಆ ಆಸೆಗೆ ಆಕಾರ ಕೊಟ್ಟವು ಹೊಸ ಬಟ್ಟೆ ಮತ್ತು ಹಳೆಯ ಕಸುಬು. ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನಶಾಸ್ತ್ರಜ್ಞರು 1941ರಲ್ಲಿ ಕಂಡುಹಿಡಿದ ಪಾಲಿಯೆಸ್ಟರ್ ನೂಲು, ಟೆರಿಲಿನ್ ಎಂತಲೂ ಹತ್ತಿಯೊಡನೆ ಬೆರೆತಾಗ ಟೆರಿಕಾಟ್ ಎಂತಲೂ ಮಾರಾಟವಾಗಿ, ಒಮ್ಮೆ ಇಸ್ತ್ರಿ ಮಾಡಿದ ಗೆರೆಯನ್ನು ಬಹುಕಾಲ ಉಳಿಸಿಕೊಳ್ಳುತ್ತಿತ್ತು. ಹತ್ತಿಯ ಅಗಲ ಪ್ಯಾಂಟು ಎರಡು ತೊಳೆತಕ್ಕೆ ಮುದುಡಿ ಜೋತುಬಿದ್ದರೆ, ಟೆರಿಕಾಟಿನ ಬೆಲ್‌ಬಾಟಮ್ ಬಿಗಿಯಾಗಿ ನಿಲ್ಲುತ್ತಿತ್ತು. ಕಡಿಮೆ ನೀರಿನಲ್ಲಿ ತೊಳೆದು ಬೇಗ ಒಣಗಿಸಬಹುದಾದ ಬಟ್ಟೆಯು, 1972ರ ಬರವನ್ನು ಕಂಡ ಈ ಸೀಮೆಯಲ್ಲಿ ಬೇಗನೆ ಮನೆಮಾಡಿದ್ದು ಸಹಜವಾಗಿಯೇ ಇದೆ.

ಕಸುಬಿನ ಕಡೆಗೆ ಬಂದರೆ, ಈ ನಾಡಿನಲ್ಲಿ ಹೊಲಿಗೆಗೆ ದೊಡ್ಡ ಗೌರವದ ಪರಂಪರೆಯಿದೆ. ಹನ್ನೆರಡನೆಯ ಶತಮಾನದ ಶರಣರ ನಡುವೆ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದನು. ಎಪ್ಪತ್ತರ ದಶಕದಲ್ಲಿ ಸಿಂಪಿಗರೂ ಮುಸ್ಲಿಂ ದರ್ಜಿಗಳೂ ಬೆಲ್‌ಬಾಟಮ್‌ಗೆ ತೆಗೆದುಕೊಳ್ಳುತ್ತಿದ್ದ ಅಳತೆಗಳಲ್ಲಿ ಉದ್ದ, ಸೊಂಟ, ಸೀಟು, ತೊಡೆ ಎಂಬವುಗಳ ಜೊತೆಗೆ ಮೊಣಕಾಲು ಮತ್ತು ಬಾಟಮ್, ಅಂದರೆ ಪ್ಯಾಂಟಿನ ಕಾಲಿನ ಬಾಯಿಯ ಸುತ್ತಳತೆ, ಇವೆರಡೇ ನಿರ್ಣಾಯಕವಾಗಿದ್ದವು. ಮೊಣಕಾಲಿನ ಬಳಿ ಹದಿನೆಂಟು ಅಂಗುಲವಿದ್ದ ಪ್ಯಾಂಟು ಬಾಟಮ್‌ನಲ್ಲಿ ಇಪ್ಪತ್ತಾರು, ಇಪ್ಪತ್ತೆಂಟು ಅಂಗುಲಕ್ಕೆ ಹರಡಬೇಕಾದಾಗ ಬಟ್ಟೆಯ ಪನ್ನಾ, ಎಂದರೆ ಥಾನಿನ ಅಗಲ, ಸಾಲದೆ ಹೋಗುತ್ತಿತ್ತು. ಆಗ ಎರಡು ಕಾಲಿನ ತುಂಡುಗಳನ್ನು ಒಂದನ್ನು ನೆಟ್ಟಗೆ, ಇನ್ನೊಂದನ್ನು ತಲೆಕೆಳಗೆ ಇಟ್ಟು ಕತ್ತರಿಸುವುದರಲ್ಲಿ ಕುಶಲತೆ ಬೇಕಿತ್ತು. ನೆಲಕ್ಕೆ ಉಜ್ಜಿ ಸವೆಯುವ ಅಂಚಿಗೆ ಲೋಹದ ಜಿಪ್ಪನ್ನು ಹೊಲಿದು ಬಿಗಿ ಮಾಡುತ್ತಿದ್ದರು, ಅದು ಹೊಳೆಯುವ ಅಲಂಕಾರವೂ ಆಗುತ್ತಿತ್ತು. ಸೈಕಲ್ಲಿನ ಚೈನಿಗೆ ಸಿಲುಕಿ ಹರಿಯುವುದು ಮಾತ್ರ ಈ ಪ್ಯಾಂಟಿಗೆ ತಪ್ಪದ ಕಾಟವಾಗಿತ್ತು.

ದಶಕದ ಕೊನೆಗೆ ಪ್ಯಾರಲಲ್ ಬಂದಿತು, ಅಂದರೆ ಮೊಣಕಾಲಿಗೂ ಬಾಟಮ್‌ಗೂ ಒಂದೇ ಅಗಲವಿರುವ ಪ್ಯಾಂಟು. ಎಂಬತ್ತರ ದಶಕದ ನಡುವೆ ಸೊಂಟದಲ್ಲಿ ನೆರಿಗೆಯಿದ್ದು ಕೆಳಗೆ ಕಿರಿದಾಗುವ ಬ್ಯಾಗಿ ಬಂದಿತು. ಈ ಬದಲಾವಣೆಯನ್ನು ಹಳೆಯದನ್ನು ಬಿಟ್ಟು ಹೊಸದನ್ನು ಕೊಂಡ ಕತೆಯೆಂದು ಓದುವುದು ಸರಿಯಲ್ಲ. ಅಗಲವಾದ ಪ್ಯಾಂಟನ್ನು ಬಿಚ್ಚಿ ಕಿರಿದು ಮಾಡಬಹುದು, ಕಿರಿದಾದುದನ್ನು ಅಗಲಿಸಲು ಬಟ್ಟೆಯೇ ಇರುವುದಿಲ್ಲ. ಅಣ್ಣನ ಬಟ್ಟೆ ತಮ್ಮನಿಗೆ ಇಳಿಯುತ್ತಿದ್ದ ಮನೆಗಳಲ್ಲಿ ಬೆಲ್‌ಬಾಟಮ್ ಎನ್ನುವುದು ಮುಂದಿನ ಫ್ಯಾಷನ್ನಿಗೆ ಬೇಕಾದ ಕಚ್ಚಾವಸ್ತುವೇ ಆಗಿತ್ತು. ಪೆಟ್ಟಿಗೆಗಳಲ್ಲಿ ಹಳೆಯ ಇಳಕಲ್ಲ ಸೀರೆಗಳು, ಗುಳೇದಗುಡ್ಡದ ಖಣಗಳು ತಲೆಮಾರುಗಳಿಂದ ಉಳಿದುಬಂದಿದ್ದರೂ ಬೆಲ್‌ಬಾಟಮ್ ಸಿಗುವುದು ಅಪರೂಪವಾಗಿರುವುದಕ್ಕೆ ಇದೇ ಕಾರಣವೆಂದು ತೋರುತ್ತದೆ. ಸೀರೆಯನ್ನು ಕತ್ತರಿಸದೆ ಉಡುತ್ತಾರೆ, ಪ್ಯಾಂಟಿಗೆ ಆ ಭಾಗ್ಯವಿಲ್ಲ.

ಇಷ್ಟೆಲ್ಲ ನಡೆಯುವಾಗಲೂ ತಿಕೋಟಾ ಮತ್ತು ಬಬಲೇಶ್ವರದ ಹಿರಿಯರು ಧೋತರವನ್ನು ಬಿಡಲಿಲ್ಲ. ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಬಾಳಿ, 2023ರ ಜನವರಿ 2ರಂದು ಲಿಂಗೈಕ್ಯರಾದ ಸಿದ್ಧೇಶ್ವರ ಸ್ವಾಮೀಜಿಯವರ ಜೇಬಿಲ್ಲದ ಬಿಳಿ ಅಂಗಿಯು ಈ ಸೀಮೆಯ ಅತ್ಯಂತ ಪರಿಚಿತ ಉಡುಪು. ದಶಕದಿಂದ ದಶಕಕ್ಕೆ ಬಾಟಮ್ ಅಗಲವಾಗಿ ಕಿರಿದಾದರೂ ಆ ಅಂಗಿ ಬದಲಾಗಲಿಲ್ಲ, ಅದರ ಮೇಲೆ ಜನರಿಗಿದ್ದ ಭಕ್ತಿಯೂ ಬದಲಾಗಲಿಲ್ಲ.

1991ರ ಉದಾರೀಕರಣದ ನಂತರ ಸಿದ್ಧ ಉಡುಪು, ಅದರಲ್ಲೂ ಜೀನ್ಸ್, ವಿಜಯಪುರದ ಗಾಂಧಿ ಚೌಕದ ಸುತ್ತಲಿನ ಅಂಗಡಿಗಳನ್ನು ತುಂಬಿತು. ಹೊಸ ಶತಮಾನದ ಆರಂಭದಲ್ಲಿ ಬೂಟ್‌ಕಟ್ ಎಂಬ ಹೆಸರಿನಲ್ಲಿ ಬೆಲ್‌ಬಾಟಮ್ ಅರ್ಧ ಅಗಲಕ್ಕೆ ಮರಳಿ, ಬಿಗಿಯಾದ ಪೆನ್ಸಿಲ್ ಪ್ಯಾಂಟಿಗೆ ಎಡೆಗೊಟ್ಟಿತು. 2019ರಲ್ಲಿ ಜಯತೀರ್ಥ ನಿರ್ದೇಶಿಸಿ ರಿಷಬ್ ಶೆಟ್ಟಿ ನಟಿಸಿದ, ಎಂಬತ್ತರ ದಶಕದಲ್ಲಿ ನಡೆಯುವ ಕತೆಯ ಚಿತ್ರಕ್ಕೆ ‘ಬೆಲ್ ಬಾಟಂ’ ಎಂದೇ ಹೆಸರಿಟ್ಟಾಗ ಆ ಪ್ಯಾಂಟು ಒಂದು ಕಾಲದ ಗುರುತಾಗಿಬಿಟ್ಟಿತ್ತು. ಇಂದಿನ ರೆಟ್ರೊ, ಅಂದರೆ ಕಳೆದ ಕಾಲದ ಫ್ಯಾಷನ್ನನ್ನು ಬೇಕೆಂದೇ ಮರಳಿ ತೊಡುವ ರೂಢಿ, ಹಳೆಯ ಬಟ್ಟೆಯಿಂದಲ್ಲ, ಹಳೆಯ ಸಿನಿಮಾದಿಂದ ಅಳತೆ ತೆಗೆದುಕೊಳ್ಳುತ್ತದೆ. ಅದು ಕಾರ್ಖಾನೆಯಲ್ಲಿ ಸಿದ್ಧವಾಗಿ ಬರುವುದರಿಂದ ಗಂಡಸರ ದರ್ಜಿಗೆ ಉದ್ದ ಕಡಿಮೆ ಮಾಡುವ ಆಲ್ಟರೇಷನ್ ಮತ್ತು ಶಾಲಾ ಸಮವಸ್ತ್ರದ ಹೊಲಿಗೆಯಷ್ಟೇ ಹೆಚ್ಚಾಗಿ ಉಳಿದಿದೆ. ಘೇರನ್ನು ಕತ್ತರಿಸುವ ವಿದ್ಯೆ ಮಾತ್ರ ಹೆಂಗಸರ ಬಟ್ಟೆ ಹೊಲಿಯುವವರ ಕೈಗೆ ದಾಟಿದೆ: ರಂಜಾನ್ ಮತ್ತು ಮದುವೆಯ ದಿನಗಳಲ್ಲಿ ಬೇಡಿಕೆ ಬರುವ ಶರಾರಾ, ಕಾಲೇಜು ಹುಡುಗಿಯರ ಪಲಾಝೊ, ಇವೆರಡಕ್ಕೂ ಘೇರಿಗೆ ಎಷ್ಟು ಬಟ್ಟೆ ಬಿಡಬೇಕು, ಪನ್ನಾ ಸಾಲದಿದ್ದರೆ ತ್ರಿಕೋನದ ತುಂಡನ್ನು ಎಲ್ಲಿ ಸೇರಿಸಬೇಕು ಎಂಬ ಲೆಕ್ಕವನ್ನು ಈಗ ಅವರೇ ಹಾಕುತ್ತಾರೆ.