ಬಾಲಕರ ಅನುಭವಶಿಕ್ಷಣವೂ ಮನನವೂ

ಗುಂಡ್ಲುಪೇಟೆಯ ಸೀಮೆಯ ಹಳ್ಳಿಗಳಲ್ಲಿ ಹನ್ನೆರಡು ಹದಿಮೂರು ವರ್ಷದ ಬಾಲಕನಿಗೆ ಬಾರದ ಕೆಲಸವು ಅಪೂರ್ವವೆಂದೇ ಹೇಳಬೇಕು. ಹುರುಳಿಯನ್ನು ಯಾವ ಹದದಲ್ಲಿ ಬಿತ್ತತಕ್ಕದ್ದು, ಅರಿಸಿನದ ಗೆಡ್ಡೆಯನ್ನು ಎಷ್ಟು ಹೊತ್ತು ಬೇಯಿಸತಕ್ಕದ್ದು ಎಂಬುದನ್ನು ಅವನು ಹಿರಿಯರ ಕೈ ನೋಡಿ ಕಲಿತಿರುತ್ತಾನೆ. ಕಾಡಂಚಿನ ಹೊಲಗಳಲ್ಲಿ ತಂದೆಯೊಡನೆ ಅಟ್ಟಣೆಯ ಮೇಲೆ ರಾತ್ರಿ ಕುಳಿತು, ಕತ್ತಲೆಯಲ್ಲಿ ಕೇಳಿಸಿದ ಸಪ್ಪಳವು ಹಂದಿಯದೋ ಆನೆಯದೋ ಎಂದು ಕಿವಿಯಿಂದಲೇ ನಿಶ್ಚಯಿಸಬಲ್ಲನು. ಅವನ ಸೋದರಿಯು ಚೆಂಡುಹೂವನ್ನು ಬಿಡಿಸಿ, ಮೂಟೆ ಕಟ್ಟಿ, ತೂಕದ ಅಂದಾಜನ್ನು ಕಣ್ಣಳತೆಯಲ್ಲಿಯೇ ಹೇಳಬಲ್ಲಳು. ಇಷ್ಟೆಲ್ಲಾ ಬಲ್ಲ ಈ ಮಕ್ಕಳನ್ನು ಪಾಠಶಾಲೆಯಲ್ಲಿ ನಿಲ್ಲಿಸಿ, ನಿಮಗೇನು ಗೊತ್ತು ಎಂದು ಪ್ರಶ್ನೆ ಮಾಡಿದರೆ, ಏನೂ ಗೊತ್ತಿಲ್ಲವೆಂಬ ಉತ್ತರವೇ ಬರುತ್ತದೆ. ಇದು ವಿನಯದ ಮಾತಲ್ಲ. ತಾವು ಮಾಡಿದ್ದು ವಿದ್ಯೆಯಲ್ಲವೆಂದು ಅವರು ನಿಜವಾಗಿಯೂ ನಂಬಿರುತ್ತಾರೆ. ಹಾಗೆ ನಂಬುವಂತೆ ಹಿರಿಯರೇ ಅವರನ್ನು ಬೆಳೆಸಿರುತ್ತಾರೆ.

ಕೈಯಿಂದ ಮಾಡಿ ಕಲಿಯುವ ಕ್ರಮಕ್ಕೆ ಈಚಿನ ವಿದ್ವಾಂಸರು ಅನುಭವಶಿಕ್ಷಣವೆಂದು ಹೆಸರಿಟ್ಟಿದ್ದಾರೆ. ಆದರೆ ಈ ಶಿಕ್ಷಣಕ್ಕೆ ಎರಡು ಅಂಗಗಳುಂಟು. ಮಾಡುವುದು ಒಂದು; ಮಾಡಿದ್ದನ್ನು ಮರಳಿ ಮನಸ್ಸಿಗೆ ತಂದುಕೊಂಡು, ಹೀಗೇಕಾಯಿತು, ಬೇರೆ ರೀತಿಯಲ್ಲಿ ಮಾಡಿದ್ದರೆ ಏನಾಗುತ್ತಿದ್ದಿತು ಎಂದು ವಿಚಾರಿಸುವುದು ಇನ್ನೊಂದು. ಶಾಸ್ತ್ರಗಳಲ್ಲಿ ಶ್ರವಣದ ತರುವಾಯ ಮನನವನ್ನು ಹೇಳಿರುವುದು ಪಾಠಶಾಲೆಯ ಮೆಟ್ಟಿಲು ಹತ್ತಿದವರೆಲ್ಲರಿಗೂ ವಿದಿತವೇ ಇದೆ. ಕಿವಿಯಿಂದ ಕೇಳಿದ್ದಕ್ಕೆ ಮನನವು ಅವಶ್ಯವಾದರೆ, ಕೈಯಿಂದ ಮಾಡಿದ್ದಕ್ಕೆ ಅದು ಅನಾವಶ್ಯಕವೆಂದು ಯಾರು ಹೇಳಿಯಾರು? ಹೀಗಿದ್ದರೂ ನಮ್ಮ ನಾಡಿನ ಶಿಕ್ಷಣದ ಚರಿತ್ರೆಯನ್ನು ನೋಡಿದರೆ, ಮೊದಲನೆಯ ಅಂಗವನ್ನು ಹಲವು ಸಲ ಎತ್ತಿ ಹಿಡಿದು, ಎರಡನೆಯದನ್ನು ಅಷ್ಟೇ ಸಲ ಕೈಬಿಟ್ಟದ್ದು ಕಂಡುಬರುತ್ತದೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಈ ಎರಡು ಅಂಗಗಳೂ ಕೂಡಿದ್ದುವು. ಚೌಡಯ್ಯನು ದೋಣಿ ನಡೆಸಿದನು, ಚಂದಯ್ಯನು ಹಗ್ಗ ಹೊಸೆದನು, ಮಾಚಯ್ಯನು ಬಟ್ಟೆ ಒಗೆದನು; ಅಷ್ಟಕ್ಕೇ ನಿಂತಿದ್ದರೆ ಇಂದು ಅವರ ಹೆಸರನ್ನು ಹೇಳುವವರಿರುತ್ತಿರಲಿಲ್ಲ. ತಮ್ಮ ತಮ್ಮ ಕಾಯಕದಲ್ಲಿ ಕಂಡದ್ದನ್ನು ಗೋಷ್ಠಿಯಲ್ಲಿ ಆಡಿ, ಇತರರ ಪ್ರಶ್ನೆಗಳಿಗೆ ಒಡ್ಡಿ, ಮಾತಿಗೆ ತಂದುದರಿಂದ ಅವರ ವಚನಗಳು ಹುಟ್ಟಿದುವು. ಅನುಭವಮಂಟಪವು ಕಟ್ಟಡದ ರೂಪದಲ್ಲಿ ಇದ್ದಿತೇ ಎಂಬ ವಿಷಯದಲ್ಲಿ ಸಂಶೋಧಕರಲ್ಲಿ ಭಿನ್ನಾಭಿಪ್ರಾಯವಿದೆ. ಆ ಚರ್ಚೆಯು ಇಲ್ಲಿ ಅಪ್ರಸ್ತುತ. ಹದಿನೈದನೆಯ ಶತಮಾನದಲ್ಲಿ ಸಂಕಲಿತವಾಗಲಾರಂಭಿಸಿದ ಶೂನ್ಯಸಂಪಾದನೆಗಳು ಆ ಸಂವಾದದ ಪರಿಯನ್ನು ನಮಗೆ ಉಳಿಸಿಕೊಟ್ಟಿರುವುದೇ ಸಾಕು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತಲೂ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಪತ್ನಿಯಾದ ಲಕ್ಕಮ್ಮನು ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ಪ್ರಸಂಗವನ್ನು ಭಕ್ತರೆಲ್ಲರೂ ಬಲ್ಲರು. ಆ ಪ್ರಸಂಗವನ್ನು ನಿರಾಶೆಯ ನೀತಿಗಾಗಿ ಹೇಳುವ ವಾಡಿಕೆಯುಂಟು. ಅದರಲ್ಲಿ ಶಿಕ್ಷಣದ ಒಂದು ಸೂಕ್ಷ್ಮವೂ ಅಡಗಿದೆ. ಮಾರಯ್ಯನ ಕಾಯಕವು ಆ ದಿನ ಎಂದಿನಂತೆಯೇ ನಡೆದಿದ್ದಿತು. ತಂದ ಅಕ್ಕಿಯನ್ನು ನೋಡಿ, ಇದು ಇಂದು ಹೆಚ್ಚಾದದ್ದು ಏತಕ್ಕೆ ಎಂದು ಒಬ್ಬರು ಕೇಳಿದ್ದರಿಂದಲೇ ಅವನಿಗೆ ತನ್ನ ಕೈ ಮಾಡಿದ್ದು ಕಂಡಿತು.

ಮುಂದಿನ ಶತಮಾನಗಳ ಕೂಲಿಮಠಗಳ ಸ್ಥಿತಿ ಬೇರೆ. ಅಲ್ಲಿ ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿಯನ್ನೂ ಅಮರವನ್ನೂ ಬಾಯಿಪಾಠ ಮಾಡಿಸಿ, ಹಳ್ಳಿಹಳ್ಳಿಗೂ ಲೆಕ್ಕ ಬರೆಯುವವರನ್ನು ಸಿದ್ಧಪಡಿಸಿದರು. ಅವರ ಉಪಕಾರವನ್ನು ಮರೆಯುವಂತಿಲ್ಲ. ದಿನದ ಕೊನೆಯಲ್ಲಿ ಪಾಠ ಒಪ್ಪಿಸುವ ಪದ್ಧತಿಯೂ ಇದ್ದಿತು. ಆದರೆ ಒಪ್ಪಿಸುತ್ತಿದ್ದುದು ಗುರುವು ಹೇಳಿದ ಪಾಠವನ್ನೇ ಹೊರತು, ಬಾಲಕನು ತಾನಾಗಿ ಕಂಡದ್ದನ್ನಲ್ಲ. ಹೊಲದಲ್ಲಿ ಕಲಿತದ್ದು ಹೊಲದಲ್ಲಿಯೇ ಉಳಿಯಿತು, ಮಠದಲ್ಲಿ ಕಲಿತದ್ದು ನಾಲಿಗೆಯಲ್ಲಿ ಉಳಿಯಿತು. ತರುವಾಯ ಬಂದ ಸರಕಾರದ ಮಿಡ್ಲ್ ಸ್ಕೂಲುಗಳು ಈ ಅಂತರವನ್ನು ಇನ್ನಷ್ಟು ಹೆಚ್ಚಿಸಿದುವೇ ಹೊರತು ಕಡಿಮೆಮಾಡಲಿಲ್ಲ.

ಈ ಅಂತರವನ್ನು ಮುಚ್ಚುವ ದೊಡ್ಡ ಪ್ರಯತ್ನವು ಗಾಂಧೀಜಿಯವರಿಂದ ನಡೆಯಿತು. 1910ರಲ್ಲಿ ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರಂನಲ್ಲಿ ಮಕ್ಕಳೊಡನೆ ತಾವೂ ಅಗೆದು, ಅಡಿಗೆಮಾಡಿ, ಪಾದರಕ್ಷೆ ಹೊಲಿದು ಕಲಿಸಿದ ಅನುಭವವು ಅವರಿಗೆ ಇದ್ದಿತು. 1937ನೆಯ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಅವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಸಮ್ಮೇಳನವು ಕೂಡಿತು. ಡಾಕ್ಟರ್ ಜಾಕಿರ್ ಹುಸೇನರ ಸಮಿತಿಯು ಅದೇ ವರ್ಷದ ಡಿಸೆಂಬರಿನಲ್ಲಿ ವರದಿಯನ್ನು ಒಪ್ಪಿಸಿತು. ಏಳರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಮಾತೃಭಾಷೆಯಲ್ಲಿ, ಒಂದು ಕೈಕಸುಬನ್ನು ಕೇಂದ್ರವಾಗಿಟ್ಟುಕೊಂಡು ಸಕಲ ವಿಷಯಗಳನ್ನೂ ಬೋಧಿಸಬೇಕೆಂಬುದು ಆ ಯೋಜನೆಯ ತಿರುಳು. ದಿನದ 5 ಗಂಟೆ 30 ನಿಮಿಷಗಳಲ್ಲಿ 3 ಗಂಟೆ 20 ನಿಮಿಷಗಳು ಕಸುಬಿಗೇ ಮೀಸಲಾಗಿದ್ದುವು. ನೂಲುವ ಬಾಲಕನು ಎಳೆಯ ಉದ್ದದಿಂದ ಗಣಿತವನ್ನೂ, ಹತ್ತಿಯ ಹುಟ್ಟಿನಿಂದ ಭೂಗೋಲವನ್ನೂ, ಬಟ್ಟೆಯ ವ್ಯಾಪಾರದಿಂದ ಚರಿತ್ರೆಯನ್ನೂ ತಿಳಿಯಬೇಕಾಗಿದ್ದಿತು. ಈ ಜೋಡಣೆಯು ತಾನಾಗಿ ಆಗತಕ್ಕದ್ದಲ್ಲ. ರಾಟೆಯ ಮುಂದೆ ಕುಳಿತ ಹುಡುಗನನ್ನು ನಿಲ್ಲಿಸಿ, ಎಳೆ ಈಗ ಕಿತ್ತುಹೋದದ್ದು ಏಕೆ ಎಂದು ಕೇಳಬಲ್ಲ ಉಪಾಧ್ಯಾಯನಿದ್ದರೆ ಮಾತ್ರ ಆಗತಕ್ಕದ್ದು.

ಅಮೇರಿಕಾ ದೇಶದಲ್ಲಿ ಜಾನ್ ಡ್ಯೂಯಿ ಎಂಬ ಪಂಡಿತರು 1896ರಲ್ಲಿ ಚಿಕಾಗೋ ನಗರದಲ್ಲಿ ಒಂದು ಪ್ರಯೋಗಶಾಲೆಯನ್ನು ತೆರೆದು, ಅಡಿಗೆ, ನೇಯ್ಗೆ, ಮರಗೆಲಸಗಳ ಮೂಲಕ ಮಕ್ಕಳಿಗೆ ಕಲಿಸಿದ್ದರು. ಸುಮ್ಮನೆ ಮಾಡುವುದರಿಂದ ಕಲಿಕೆಯಾಗದು, ಮಾಡಿದ ಕಾರ್ಯಕ್ಕೂ ಅದರಿಂದಾದ ಫಲಕ್ಕೂ ಇರುವ ಸಂಬಂಧವನ್ನು ಕಂಡುಕೊಂಡಾಗಲೇ ಅನುಭವವೆನಿಸುವುದು ಎಂದು ಅವರು 1916ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಬೆಂಕಿಯಲ್ಲಿ ಬೆರಳಿಟ್ಟ ಮಾತ್ರಕ್ಕೆ ಕೂಸಿಗೆ ಅನುಭವವಾಗಲಿಲ್ಲ. ನೋವು ಬೆಂಕಿಯಿಂದಲೇ ಬಂದಿತೆಂದು ಕೂಡಿಸಿಕೊಂಡಾಗ ಆಯಿತು.

ವಾರ್ಧಾ ಯೋಜನೆಯ ಗತಿಯೇನಾಯಿತು? ಸ್ವಾತಂತ್ರ್ಯಾನಂತರ ಸರಕಾರಗಳು ಅದನ್ನು ಮೂಲಶಿಕ್ಷಣವೆಂಬ ಹೆಸರಿನಿಂದ ಅಂಗೀಕರಿಸಿದುವು. ಈ ಸೀಮೆಗೆ ನೂಲುವ ಕಸುಬು ಹೊಸದಾಗಿರಲಿಲ್ಲ. ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ 1927ರಿಂದಲೇ ಖಾದಿಯ ಕೇಂದ್ರವು ನಡೆದಿದ್ದಿತು, ಗಾಂಧೀಜಿಯವರೂ ಅಲ್ಲಿಗೆ ದಯಮಾಡಿಸಿದ್ದರು. ಆದರೆ ದೇಶದ ಅನೇಕ ಶಾಲೆಗಳಲ್ಲಿ ರಾಟೆ ಉಳಿಯಿತು, ಪ್ರಶ್ನೆ ಉಳಿಯಲಿಲ್ಲ. ಕಸುಬನ್ನೂ ಪಾಠವನ್ನೂ ಜೋಡಿಸುವ ತರಬೇತಿಯಿಲ್ಲದ ಉಪಾಧ್ಯಾಯರು ಒಂದು ಗಂಟೆ ನೂಲಿಸಿ, ಇನ್ನೊಂದು ಗಂಟೆ ಪುಸ್ತಕ ಓದಿಸಿದರು. ನೂಲನ್ನು ತಕ್ಕಡಿಯಲ್ಲಿಟ್ಟು ತೂಗಬಹುದು, ಮನನವನ್ನು ತೂಗುವುದೆಂತು? ಇದು ಹಳ್ಳಿಯ ಬಡವರ ಮಕ್ಕಳಿಗಾಗಿ ಮಾಡಿದ ಎರಡನೆಯ ದರ್ಜೆಯ ಶಿಕ್ಷಣವೆಂದು ತಾಯಿತಂದೆಗಳೂ ಸಂದೇಹಪಟ್ಟರು. ಅವರ ಸಂದೇಹವು ನಿರಾಧಾರವೆಂದು ಹೇಳಲಾಗದು. ಪೇಟೆಯ ಶ್ರೀಮಂತರ ಮಕ್ಕಳು ಇಂಗ್ಲಿಷ್ ಶಾಲೆಗಳಿಗೆ ಹೋಗುತ್ತಿದ್ದುದನ್ನು ಅವರು ಕಣ್ಣಾರೆ ಕಾಣುತ್ತಿದ್ದರಷ್ಟೆ. 1964ರಿಂದ 1966ರವರೆಗೆ ಕೆಲಸಮಾಡಿದ ಕೊಠಾರಿ ಆಯೋಗವು ಇದಕ್ಕೆ ಕಾರ್ಯಾನುಭವವೆಂದು ಹೊಸ ರೂಪ ಕೊಟ್ಟಿತು. 1977ರಲ್ಲಿ ಈಶ್ವರಭಾಯಿ ಪಟೇಲರ ಸಮಿತಿಯು ಸಮಾಜೋಪಯೋಗಿ ಉತ್ಪಾದನಾ ಕಾರ್ಯವೆಂದು ಕರೆಯಿತು. ಹೆಸರು ಉದ್ದವಾದಂತೆಲ್ಲ ವೇಳಾಪಟ್ಟಿಯಲ್ಲಿ ಅದರ ಜಾಗ ಕಿರಿದಾಯಿತು.

ಇದಾದಮೇಲೆ ಒಂದು ಶುಭಲಕ್ಷಣವು ನೆರೆಯ ಹೆಗ್ಗಡದೇವನಕೋಟೆಯಲ್ಲಿಯೇ ಕಾಣಿಸಿತು. 1995ರಲ್ಲಿ ಆ ತಾಲ್ಲೂಕಿನ ಕೆಲವು ಸರಕಾರಿ ಶಾಲೆಗಳ ಉಪಾಧ್ಯಾಯರು, ಋಷಿವ್ಯಾಲಿಯ ಗ್ರಾಮೀಣ ಶಾಲೆಗಳ ಕ್ರಮವನ್ನು ಅನುಸರಿಸಿ, ನಲಿ ಕಲಿ ಎಂಬ ಪದ್ಧತಿಯನ್ನು ರೂಪಿಸಿದರು. ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕುಳಿತು, ಕಾರ್ಡುಗಳನ್ನೂ ಆಟದ ಸಾಮಗ್ರಿಗಳನ್ನೂ ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಕೆಯ ಏಣಿಯನ್ನು ಹತ್ತುವ ಈ ಕ್ರಮವು ಕ್ರಮೇಣ ರಾಜ್ಯದಲ್ಲೆಲ್ಲಾ ಹರಡಿತು. ಮೇಲಿನ ಅಧಿಕಾರಿಗಳ ಆಜ್ಞೆಗಿಂತ ಉಪಾಧ್ಯಾಯರ ಉತ್ಸಾಹವು ಇದರಲ್ಲಿ ಮುಖ್ಯವಾದುದೆಂಬುದು ಸ್ಮರಣೀಯ. ಆದರೆ ಇದು ಎಳೆಯ ಮಕ್ಕಳ ತರಗತಿಗಳಿಗೆ ಮಾತ್ರ. ಅವೇ ಮಕ್ಕಳು ಮುಂದಿನ ತರಗತಿಗಳಿಗೆ ಏರಿದೊಡನೆ ಸಾಲಾಗಿ ಬೆಂಚಿನ ಮೇಲೆ ಕುಳಿತು ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡತೊಡಗುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯವರಿಗೆ ಪುಸ್ತಕದ ಚೀಲವಿಲ್ಲದ ಹತ್ತು ದಿನಗಳನ್ನು ಸೂಚಿಸಿ, ಬಡಗಿ, ಕುಂಬಾರ, ತೋಟಗಾರ ಮೊದಲಾದವರ ಬಳಿ ಕೆಲಸ ಕಲಿಯಬಹುದೆಂದು ಹೇಳಿತು. ಸೂಚನೆಯು ಯೋಗ್ಯವೇ. ಹನ್ನೊಂದನೆಯ ದಿನ ಏನು ನಡೆಯುವುದೆಂಬುದರ ಮೇಲೆ ಅದರ ಸಾರ್ಥಕ್ಯವು ನಿಂತಿದೆ.

ಏಕೆಂದರೆ ಹನ್ನೊಂದರಿಂದ ಹದಿನಾಲ್ಕರ ವಯಸ್ಸು ವಿಲಕ್ಷಣವಾದುದು. ಎಳೆಯ ಮಗುವು ಕಂಡದ್ದನ್ನೆಲ್ಲಾ ಹೇಳುತ್ತದೆ. ಈ ವಯಸ್ಸಿನವರು ಹೇಳಿದರೆ ನಗುವರೋ ಎಂದು ಅಳುಕುತ್ತಾರೆ. ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಬಂದು ಪ್ರಬಂಧ ಬರೆಯಿರೆಂದರೆ, ಬೆಟ್ಟವು ಬಹಳ ಸುಂದರವಾಗಿದ್ದಿತು, ಮಂಜು ಕವಿದಿದ್ದಿತು, ಎಲ್ಲರೂ ಉಪಾಹಾರ ಮಾಡಿದೆವು, ಸಂತೋಷವಾಯಿತು ಎಂದು ನಲವತ್ತು ಮಂದಿಯೂ ಒಂದೇ ಬಗೆಯಾಗಿ ಬರೆಯುತ್ತಾರೆ. ಇದು ಮಕ್ಕಳ ದೋಷವಲ್ಲ, ಪ್ರಶ್ನೆಯ ದೋಷ. ಹೊರಡುವ ಮುಂಚೆ, ಅಲ್ಲಿ ಏನನ್ನು ಕಾಣುವಿರೆಂದು ಎಣಿಸಿದ್ದೀರಿ ಎಂದು ಒಂದು ಸಾಲು ಬರೆಯಿಸಿಟ್ಟುಕೊಂಡು, ಬಂದಮೇಲೆ ಆ ಸಾಲನ್ನೇ ಅವರ ಮುಂದಿರಿಸಿ, ಎಲ್ಲಿ ತಪ್ಪಿತು ಎಂದು ಕೇಳಿದರೆ ನಲವತ್ತು ಉತ್ತರಗಳು ಬರುವುವು. ಬೆಟ್ಟದ ನೆತ್ತಿಯಲ್ಲಿ ಹುಲ್ಲೇ ಹೆಚ್ಚಾಗಿದ್ದು ಮರಗಳು ಕಣಿವೆಯಲ್ಲಿ ಮಾತ್ರ ಏಕೆ ಇವೆ ಎಂಬ ಪ್ರಶ್ನೆಯನ್ನು ಉಪಾಧ್ಯಾಯನು ಕೇಳಬೇಕಾಗುವುದಿಲ್ಲ; ದನ ಮೇಯಿಸುವ ಮನೆಯ ಹುಡುಗನೊಬ್ಬನು ತಾನೇ ಎತ್ತುವನು.

ಇನ್ನೊಂದು ಎಚ್ಚರಿಕೆ. ಮಗುವು ತನ್ನ ಅನುಭವವನ್ನು ತನ್ನ ಮನೆಮಾತಿನಲ್ಲಿಯೇ ಹೇಳುವುದು ಸಹಜ. ಈ ಸೀಮೆಯ ಹುಡುಗನು ಮನೆಗೆ ಎನ್ನದೆ ಮನಗ ಎನ್ನುವನು. ಆ ಗಳಿಗೆಯಲ್ಲಿ ಪದವನ್ನು ತಿದ್ದಹೊರಟರೆ ವಿಚಾರದ ಎಳೆಯು ಕಡಿದುಹೋಗುತ್ತದೆ, ಅವನು ಮತ್ತೆ ಬಾಯಿ ತೆರೆಯನು. ವ್ಯಾಕರಣಕ್ಕೆ ನಾಳೆಯೂ ಸಮಯವುಂಟು. ಹಾಗೆಯೇ ಇಂಥ ಬರೆಹಗಳಿಗೆ ಅಂಕಗಳನ್ನು ಕೊಡುವುದೂ ಯುಕ್ತವಲ್ಲ. ಅಂಕವೆಂದೊಡನೆ ಮಕ್ಕಳು ಕಂಡದ್ದನ್ನು ಬಿಟ್ಟು, ಗುರುಗಳಿಗೆ ಪ್ರಿಯವಾದುದನ್ನು ಬರೆಯತೊಡಗುತ್ತಾರೆ. ತಪ್ಪಿದ ಕೆಲಸದ ವೃತ್ತಾಂತವನ್ನಂತೂ ಬಚ್ಚಿಡುತ್ತಾರೆ. ಮನನಕ್ಕೆ ಮುಖ್ಯವಾದ ಸಾಮಗ್ರಿಯೇ ಅದು.

ಅನುಭವವನ್ನು ಮರಳಿ ನೋಡಿದರೆ ಎಂಥ ಜ್ಞಾನವು ದೊರೆಯುವುದೆಂಬುದಕ್ಕೆ ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನಿದರ್ಶನ. ಅವರ ಹಿರಿಯರು ಬೇಸಗೆಯ ಮೊದಲಿನಲ್ಲಿ ತರಗೆಲೆಗೆ ಸಣ್ಣದಾಗಿ ಬೆಂಕಿಯಿಡುತ್ತಿದ್ದರು. ಅದನ್ನು ತರಗು ಬೆಂಕಿ ಎನ್ನುವರು. ಅರಣ್ಯದ ಕಾನೂನುಗಳಿಂದ ಅದು ನಿಂತುಹೋಯಿತು. ನೆಲ್ಲಿಯ ಮರಗಳ ಮೇಲೆ ಉಪ್ಪಿಲು ಎಂಬ ಬಂದಳಿಕೆಯು ಹೆಚ್ಚುತ್ತಿರುವುದನ್ನು ಕಂಡು, ಬೆಂಕಿ ನಿಂತದ್ದಕ್ಕೂ ಇದಕ್ಕೂ ಸಂಬಂಧವುಂಟೆಂದು ಆ ಹಿರಿಯರು ಹೇಳಿದರು. ಲಂಟಾನದ ಪೊದೆಗಳು ಕಾಡನ್ನು ಮುಚ್ಚಿದ್ದಕ್ಕೂ ಅದನ್ನೇ ಕಾರಣವಾಗಿ ಕೊಟ್ಟರು. ಸಸ್ಯಶಾಸ್ತ್ರಜ್ಞರು ಈ ಮಾತನ್ನು ಆದರದಿಂದ ಪರಿಶೀಲಿಸಿ ಗ್ರಂಥಸ್ಥಗೊಳಿಸಿದ್ದಾರೆ. ಡಾಕ್ಟರ್ ಸುದರ್ಶನರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಆ ಬೆಟ್ಟದಲ್ಲಿ ಸೋಲಿಗ ಮಕ್ಕಳಿಗಾಗಿ ಶಾಲೆಯನ್ನು ನಡೆಸಿತು. ಸೋಲಿಗ ಬಾಲಕನೊಬ್ಬನು ತರಗತಿಯಲ್ಲಿ ಪರಾವಲಂಬಿ ಸಸ್ಯದ ಪಾಠವನ್ನು ಓದುವಾಗ, ಅದು ತನ್ನ ಅಜ್ಜನು ಹೇಳುವ ಉಪ್ಪಿಲೇ ಎಂಬುದು ಅವನಿಗೆ ಹೊಳೆಯಬೇಕಾದರೆ, ಮನೆಯಲ್ಲಿ ಇದಕ್ಕೇನೆನ್ನುವರು ಎಂದು ಯಾರಾದರೂ ಕೇಳಬೇಕು.

ಗುಂಡ್ಲುಪೇಟೆಯ ಪೇಟೆಯಲ್ಲಿಯೂ ಇಂಥ ವಿಷಯಗಳಿಗೆ ಕೊರತೆಯಿಲ್ಲ. ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯವರ ಸ್ಮರಣಾರ್ಥವಾಗಿ ಕಟ್ಟಿಸಿದ ಪರವಾಸುದೇವರ ಗುಡಿಯು ಇಲ್ಲಿದೆ. ಬಂಡೀಪುರದ ಕಾಡಿನೊಳಗಣ ರಸ್ತೆಯಲ್ಲಿ 2009ರಿಂದ ರಾತ್ರಿಯ ಸಂಚಾರವು ನಿಷಿದ್ಧವಾಯಿತು. ಕೇರಳಕ್ಕೆ ಹೋಗುವ ಹೂವು ತರಕಾರಿಗಳ ಲಾರಿಗಳು ಹೊತ್ತು ನೋಡಿ ಹೊರಡಬೇಕಾಯಿತು. ಹೂವು ಬಿಡಿಸುವ ಹುಡುಗಿಗೂ ಅಟ್ಟಣೆಯ ಮೇಲೆ ಆನೆ ಕಾಯುವ ಹುಡುಗನಿಗೂ ಈ ಒಂದು ರಸ್ತೆಯ ವಿಷಯದಲ್ಲಿ ಹೇಳುವುದು ಬೇರೆಬೇರೆಯಾಗಿರುತ್ತದೆ. ಇಬ್ಬರನ್ನೂ ಎದುರುಬದುರಾಗಿ ಕೂರಿಸಿ ಕೇಳಿದರೆ ಅದಕ್ಕಿಂತ ಉತ್ತಮವಾದ ಸಮಾಜಪಾಠವು ಯಾವ ಪುಸ್ತಕದಲ್ಲಿದ್ದೀತು?

ಮಠಗಳ ಪ್ರಸಾದನಿಲಯಗಳಲ್ಲಿ ಓದುವ ವಟುಗಳ ಸಂಗತಿಯೂ ಇಲ್ಲಿ ವಿಚಾರಾರ್ಹವಾಗಿದೆ. ನೀರು ಸೇದುವುದು, ಅಂಗಳ ಗುಡಿಸುವುದು, ಪಂಕ್ತಿಯಲ್ಲಿ ಬಡಿಸುವುದು ಇವುಗಳನ್ನು ಅವರು ಶ್ರದ್ಧೆಯಿಂದ ಮಾಡುತ್ತಾರೆ, ಹಿರಿಯರು ಸಂತೋಷಪಡುತ್ತಾರೆ, ಅಲ್ಲಿಗೆ ಮುಗಿಯಿತು. ಜಾತ್ರೆಯ ದಾಸೋಹದಲ್ಲಿ ಎಷ್ಟು ಪಲ್ಲ ಅಕ್ಕಿ ಬೆಂದಿತೆಂಬುದು ಉಗ್ರಾಣದ ಪುಸ್ತಕದಲ್ಲಿ ಬರೆದಿರುತ್ತದೆ. ಯಾವ ಪಂಕ್ತಿಯಲ್ಲಿ ಎಲೆಗಳಲ್ಲಿ ಅನ್ನ ಉಳಿಯಿತು, ಮಕ್ಕಳ ಎಲೆಯಲ್ಲೋ ಮುದುಕರ ಎಲೆಯಲ್ಲೋ, ಬಡಿಸುವವರು ಅವಸರಪಟ್ಟದ್ದರಿಂದಲೋ ಬೇಡವೆಂದವರಿಗೆ ಒತ್ತಾಯ ಮಾಡಿದ್ದರಿಂದಲೋ ಎಂಬುದು ಎಲೆ ಎತ್ತಿದ ಹುಡುಗನಿಗೆ ಮಾತ್ರ ಗೊತ್ತಿರುತ್ತದೆ. ಮುಂದಿನ ವರ್ಷದ ಅಕ್ಕಿಯ ಅಂದಾಜನ್ನು ಮಾಡಲು ಉಗ್ರಾಣದವರು ಕುಳಿತಾಗ, ಆ ಹುಡುಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ನೀನು ಕಂಡದ್ದೇನಪ್ಪಾ ಎಂದು ಕೇಳಿ, ಅವನು ಹೇಳಿದ್ದನ್ನು ಅದೇ ಪುಸ್ತಕದಲ್ಲಿ ಬರೆದುಕೊಳ್ಳಬಹುದಾಗಿದೆ.